ಸಂಪಾದಕರ ಉತ್ತರ: ಆ ಬಿಯರಿಗೆ ಆ ಪಬ್ಬೇ ಬೇಕು

ಇಂಗ್ಲೆಂಡಿನ ಹಳೇ ಪಬ್‌ಗಳು ಒಂದೊಂದಾಗಿ ಮುಚ್ಚುತ್ತಿವೆ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ದಾವಣಗೆರೆಯ ಓದುಗರೊಬ್ಬರು ಸಿಟ್ಟಿನಿಂದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಬೇಸಿಗೆಯಲ್ಲಿ ಅವರು ಡರ್ಬಿಯಲ್ಲಿರುವ ಮಗನ ಮನೆಗೆ ಹೋಗಿದ್ದರಂತೆ. ಮಗ ಮನೆ ಹತ್ತಿರದ ಪಬ್‌ಗೆ ಕರೆದುಕೊಂಡು ಹೋದ. ಅಲ್ಲಿ ಕೊಟ್ಟ ಬಿಯರ್ ತಣ್ಣಗಿರಲಿಲ್ಲ, ಗ್ಯಾಸೂ ಇರಲಿಲ್ಲ, 'ನಿನ್ನೆ ತೆರೆದಿಟ್ಟ ಬಾಟಲಿ ಥರ ಇತ್ತು' ಅಂತ ಬರೆದಿದ್ದಾರೆ. ಈಗ ಆ ಪಬ್ ಮಾರಾಟಕ್ಕಿದೆ. ಬೀದಿಯವರೆಲ್ಲ ದುಡ್ಡು ಹಾಕಿ ತಾವೇ ಕೊಳ್ಳಬೇಕು ಅಂತ ಹೊರಟಿದ್ದಾರೆ, ಮಗನೂ ಷೇರು ತಗೊಳ್ತೀನಿ ಅಂತಿದ್ದಾನೆ. 'ಒಂದು ಬಾರ್ ಮುಚ್ಚಿದರೆ ಊರಿಗೆ ಒಳ್ಳೇದೇ ಅಲ್ವಾ? ಬಿಯರ್ ಎಲ್ಲಾದರೂ ಸಿಗುತ್ತೆ. ಇದಕ್ಕೆ ಕನ್ನಡ ಪತ್ರಿಕೆ ನಾಲ್ಕು ಪುಟ ಯಾಕೆ ಕೊಡಬೇಕು?' ಇದು ಅವರ ಪ್ರಶ್ನೆ.

ಸಾರ್, ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ನನ್ನ ತಕರಾರು ಇರುವುದು ನಿಮ್ಮ ಒಂದೇ ಮಾತಿನ ಮೇಲೆ. 'ಎಲ್ಲಾದರೂ ಸಿಗುತ್ತೆ' ಅಂದಿರಲ್ಲ, ನೀವು ಅವತ್ತು ಕುಡಿದದ್ದು ಎಲ್ಲಾದರೂ ಸಿಗುವ ಬಿಯರ್ ಅಲ್ಲ. ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿ ಅದು ಇರುವುದಿಲ್ಲ. ಜಗ್ಗಿನಲ್ಲಿ ತುಂಬಿಸಿ ಮನೆಗೆ ಒಯ್ದರೆ ಮಾರನೇ ದಿನಕ್ಕೆ ಕೆಡುತ್ತದೆ. ಬ್ರೂವರಿಯಿಂದ ಹೊರಡುವಾಗ ಅದು ಅರ್ಧ ಮಾತ್ರ ತಯಾರಾಗಿರುತ್ತದೆ, ಉಳಿದರ್ಧ ಕೆಲಸ ನಡೆಯುವುದು ಪಬ್ಬಿನ ನೆಲಮಾಳಿಗೆಯಲ್ಲಿ.

ಅದಕ್ಕೆ ಕಾಸ್ಕ್ ಏಲ್ ಅಂತಾರೆ. ಕಾಸ್ಕ್ ಅಂದರೆ ಪೀಪಾಯಿ, ಏಲ್ ಅಂದರೆ ಒಂದು ಬಗೆಯ ಬಿಯರ್. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಬಿಯರನ್ನು ಸೋಸಿ, ಬಿಸಿ ಮಾಡಿ ಯೀಸ್ಟನ್ನೆಲ್ಲ ಸಾಯಿಸಿ, ಗ್ಯಾಸ್ ತುಂಬಿರುತ್ತಾರೆ. ತಿಂಗಳುಗಟ್ಟಲೆ ಇಡಬಹುದು. ಕಾಸ್ಕ್ ಏಲ್‌ನಲ್ಲಿ ಯೀಸ್ಟ್ ಬದುಕಿರುತ್ತದೆ. ಪೀಪಾಯಿ ಪಬ್‌ಗೆ ಬಂದಮೇಲೂ ಒಳಗೆ ಹುದುಗುತ್ತಲೇ ಇರುತ್ತದೆ. ಪಬ್ಬಿನವರು ಅದನ್ನು ನೆಲಮಾಳಿಗೆಯಲ್ಲಿ ಅಡ್ಡ ಮಲಗಿಸಿ, ಮೇಲಿನ ತೂತಿಗೆ ಮೆದು ಮರದ ಬಿರಡೆ ಹೊಡೆದು ಜಾಸ್ತಿಯಾದ ಗ್ಯಾಸನ್ನು ನಿಧಾನಕ್ಕೆ ಹೊರಗೆ ಬಿಡುತ್ತಾರೆ, ಸಾಕು ಅನ್ನಿಸಿದಾಗ ಗಟ್ಟಿ ಬಿರಡೆ ಹಾಕಿ ನಿಲ್ಲಿಸುತ್ತಾರೆ, ಯೀಸ್ಟ್ ತಳಕ್ಕೆ ಇಳಿಯುವವರೆಗೆ ಕಾಯುತ್ತಾರೆ. ಯಾವಾಗ ಸಾಕು ಅನ್ನುವುದನ್ನು ಮೂಗು ನಾಲಿಗೆಯಿಂದಲೇ ಗೊತ್ತುಮಾಡಿಕೊಳ್ಳಬೇಕು. ನೆಲಮಾಳಿಗೆ 11ರಿಂದ 13 ಡಿಗ್ರಿ ಇರಬೇಕು, ಅದೇ ನೀವು ಕುಡಿದ 'ತಣ್ಣಗಿಲ್ಲದ' ಬಿಯರಿನ ಬಿಸಿ. ಅದಕ್ಕಿಂತ ತಣ್ಣಗಾದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರುಚಿ ಮುಚ್ಚಿಹೋಗುತ್ತದೆ. ಗ್ಯಾಸ್ ಸಿಲಿಂಡರ್ ಇಲ್ಲ, ಕೈಯಿಂದ ಪಂಪ್ ಎಳೆದು ಮೇಲೆ ತರುತ್ತಾರೆ. ಎಳೆದಷ್ಟೂ ಪೀಪಾಯಿಯೊಳಗೆ ಗಾಳಿ ಹೋಗುತ್ತದೆ, ಹಾಗಾಗಿ ತೆರೆದ ಮೇಲೆ ಮೂರು ದಿನದೊಳಗೆ ಖಾಲಿಯಾಗಬೇಕು. ಸಾಮಾನ್ಯ ಪೀಪಾಯಿಗೆ 9 ಗ್ಯಾಲನ್, ಅಂದರೆ 72 ಪೈಂಟ್. ಒಂದು ಪೈಂಟ್ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ.

(ನೀವು ಸಸ್ಯಾಹಾರಿಗಳಾಗಿದ್ದರೆ ಇದೂ ಗೊತ್ತಿರಲಿ: ಯೀಸ್ಟನ್ನು ತಳಕ್ಕೆ ಇಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಅಂಟು ಹಾಕುವ ಪದ್ಧತಿ ಇದೆ. ಈಗ ಹಲವು ಬ್ರೂವರಿಗಳು ಅದನ್ನು ಬಿಟ್ಟಿವೆ. ಕೇಳಿದರೆ ಹೇಳುತ್ತಾರೆ.)

ಆ 72 ಪೈಂಟು ಮೂರು ದಿನದಲ್ಲಿ ಖಾಲಿಯಾಗಲು ಜನ ಬೇಕು. ಒಂದೇ ಸಲ ಬಂದು ಹೋಗುವವರು ಸಾಲದು. ಸೋಮವಾರ, ಮಂಗಳವಾರ ಕೂಡ ಬಂದು ಕೂರುವ ಅಕ್ಕಪಕ್ಕದ ಮನೆಯವರು ಬೇಕು. ನಿಮ್ಮ ಮಗನ ಬೀದಿಯವರು ಉಳಿಸಲು ಹೊರಟಿರುವುದು ಈ ಇಡೀ ಏರ್ಪಾಡನ್ನು. ನಿಮಗೆ ಸಿಕ್ಕ ಲೋಟ ನಿಜವಾಗಿಯೂ ಹಳಸಿತ್ತಾ? ಇರಬಹುದು. ವ್ಯಾಪಾರ ಬಿದ್ದುಹೋದ ಪಬ್‌ನಲ್ಲಿ ಪೀಪಾಯಿ ಐದಾರು ದಿನ ಎಳೆಯುತ್ತದೆ, ಬಿಯರ್ ಹುಳಿಯಾಗುತ್ತದೆ, ಕುಡಿದವರು ಮತ್ತೆ ಬರುವುದಿಲ್ಲ, ಬರದಿದ್ದರೆ ಮುಂದಿನ ಪೀಪಾಯಿ ಇನ್ನೂ ನಿಧಾನ. ಪಬ್ ಸಾಯುವುದು ಹೀಗೆ.

ಇಂಥ ಪಾನೀಯ ನಮಗೆ ಹೊಸದೇನೂ ಅಲ್ಲ. ಮರದಿಂದ ಇಳಿಸಿದ ಕಳ್ಳು ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಮಾರನೇ ದಿನ ಕುಡಿಯುವಂತಿಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆ ಮೂರ್ತೆದಾರರ ಸಹಕಾರ ಸಂಘಗಳ ಶೇಂದಿ ಅಂಗಡಿಗಳು ಇವತ್ತಿಗೂ ಇವೆ. ಮರ ಹತ್ತುವವರು, ಮಾರುವವರು, ಕುಡಿಯುವವರು ಮೂವರೂ ಹತ್ತಿರ ಹತ್ತಿರ ಇದ್ದರೆ ಮಾತ್ರ ಆ ಅಂಗಡಿ ನಡೆಯುತ್ತದೆ. ಡರ್ಬಿಯ ಪಬ್ಬೂ ಅಷ್ಟೇ.

ದೂರ ಸಾಗಿಸುವುದು ಕಷ್ಟವಾದ ಬಿಯರ್ ಆದ್ದರಿಂದ ಒಂದೊಂದು ಸೀಮೆಗೆ ಒಂದೊಂದು ರುಚಿ ಬಂತು. ಯಾರ್ಕ್‌ಶೈರಿನಲ್ಲಿ ನಲ್ಲಿಯ ತುದಿಗೆ ಸಣ್ಣ ತೂತುಗಳ ಬಿಲ್ಲೆ ಸಿಕ್ಕಿಸಿ ಕೆನೆಯಂಥ ದಪ್ಪ ನೊರೆ ಬರಿಸುತ್ತಾರೆ, ಲಂಡನ್ನಿನವರಿಗೆ ನೊರೆ ಅಂದರೆ ಅಳತೆ ಕಡಿಮೆ ಕೊಟ್ಟ ಹಾಗೆ. ಕೀತ್ಲಿಯ ಟಿಮೊತಿ ಟೇಲರ್‌ನವರು 1858ರಿಂದ ಬಿಯರ್ ಮಾಡುತ್ತಿದ್ದಾರೆ. ಟ್ಯಾಡ್‌ಕಾಸ್ಟರಿನ ಸ್ಯಾಮ್ಯುಯೆಲ್ ಸ್ಮಿತ್‌ನವರು ಈಗಲೂ ಮರದ ಪೀಪಾಯಿ ಬಿಟ್ಟಿಲ್ಲ. ಲೂಯಿಸ್ ಊರಿನ ಹಾರ್ವೀಸ್, ಸೌತ್‌ವೋಲ್ಡಿನ ಆಡ್ನಮ್ಸ್, ಫ್ಯಾವರ್‌ಶಮ್ಮಿನ ಶೆಪರ್ಡ್ ನೀಮ್, ಹೀಗೆ ಊರಿನ ಜೊತೆಗೇ ಹೇಳಬೇಕಾದ ಹೆಸರುಗಳು.

ಆದರೆ ಡರ್ಬಿಗೆ ಹೋಗಿ ಬಂದವರ ಹತ್ತಿರ ನಾನು ಬರ್ಟನ್ ಬಗ್ಗೆ ಹೇಳಲೇಬೇಕು. ಬರ್ಟನ್ ಅಪಾನ್ ಟ್ರೆಂಟ್ ಡರ್ಬಿಯಿಂದ ಇಪ್ಪತ್ತು ಕಿಲೋಮೀಟರೂ ಇಲ್ಲ. ಅಲ್ಲಿನ ಬಾವಿ ನೀರಿನಲ್ಲಿ ಜಿಪ್ಸಮ್ ಜಾಸ್ತಿ. ಆ ನೀರಿನಲ್ಲಿ, ಬಿಯರಿಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿ ಚೊಕ್ಕವಾಗಿ ಏಳುತ್ತದೆ, ಬಿಯರ್ ತಿಳಿಯಾಗುತ್ತದೆ. ಬರ್ಟನ್ನಿನವರು ಮೊದಲು ರಷ್ಯಾ ಕಡೆಗೆ ಬಿಯರ್ ಕಳಿಸುತ್ತಿದ್ದರು. 1820ರ ದಶಕದಲ್ಲಿ ಅಲ್ಲಿ ಸುಂಕ ಏರಿ ವ್ಯಾಪಾರ ಕೆಟ್ಟಿತು. ಆಗ ಆಲ್ಸಪ್, ಬ್ಯಾಸ್ ಬ್ರೂವರಿಗಳು ಹಿಂದೂಸ್ತಾನದ ಕಡೆ ತಿರುಗಿದವು. ಅಷ್ಟು ಹೊತ್ತಿಗಾಗಲೇ ಲಂಡನ್ನಿನ ಹಾಜ್‌ಸನ್ ಎಂಬವನ ಬ್ರೂವರಿ ಕಲ್ಕತ್ತಾ, ಮದ್ರಾಸ್, ಬೊಂಬಾಯಿಗೆ ಬಿಯರ್ ಕಳಿಸುತ್ತಿತ್ತು, ಬರ್ಟನ್ನಿನ ನೀರು ಅದನ್ನು ಹಿಂದೆ ಹಾಕಿತು. ಇಂಡಿಯಾ ಪೇಲ್ ಏಲ್ ಅಂತ ಇವತ್ತು ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಬರೆದಿರುತ್ತದಲ್ಲ, ಅದರ ಬೇರು ನಿಮ್ಮ ಮಗನ ಮನೆಯಿಂದ ಅರ್ಧ ಗಂಟೆ ದಾರಿಯಲ್ಲಿದೆ. ಬ್ಯಾಸ್‌ನ ಕೆಂಪು ತ್ರಿಕೋನ 1876ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿಯಾದ ಮೊಟ್ಟಮೊದಲ ಟ್ರೇಡ್‌ಮಾರ್ಕ್. ಬರ್ಟನ್ನಿನಲ್ಲೇ ಒಂದು ವಿಶೇಷ ಪದ್ಧತಿ ಇತ್ತು: ಸಾಲು ಸಾಲು ಮರದ ಪೀಪಾಯಿಗಳು, ಹುದುಗುವಾಗ ಉಕ್ಕಿದ ಯೀಸ್ಟ್ ಕೊಳವೆಯಲ್ಲಿ ಹತ್ತಿ ಮೇಲಿನ ತೊಟ್ಟಿಗೆ ಬೀಳುತ್ತದೆ, ಬಿಯರ್ ಮಾತ್ರ ಕೆಳಗೆ ಇಳಿಯುತ್ತದೆ. ಇದಕ್ಕೆ ಬರ್ಟನ್ ಯೂನಿಯನ್ ಅನ್ನುತ್ತಾರೆ. ಮಾರ್ಸ್ಟನ್ಸ್ ಬ್ರೂವರಿಯಲ್ಲಿ ಉಳಿದಿದ್ದ ಕೊನೆಯ ಸಾಲುಗಳನ್ನೂ 2024ರಲ್ಲಿ ನಿಲ್ಲಿಸಿದರು. ಒಂದು ಸೆಟ್ಟನ್ನು ಮಾತ್ರ ಬೇಕ್‌ವೆಲ್‌ನ ಥಾರ್ನ್‌ಬ್ರಿಜ್ ಬ್ರೂವರಿಯವರು ತಂದು ಮತ್ತೆ ನಡೆಸುತ್ತಿದ್ದಾರೆ. ಆ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ಇಷ್ಟೆಲ್ಲ ಇದ್ದದ್ದು ಹೇಗೆ ಹೋಯಿತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಮಗನಿಗೆ ಇದು ಬೇಕಾಗುತ್ತದೆ. 1960ರ ದಶಕದಲ್ಲಿ ಆರು ದೊಡ್ಡ ಕಂಪನಿಗಳು ಸಣ್ಣ ಬ್ರೂವರಿಗಳನ್ನು ಕೊಂಡು ಮುಚ್ಚುತ್ತಾ ಬಂದವು. ಸೋಸಿ ಗ್ಯಾಸ್ ತುಂಬಿದ ಕೆಗ್ ಬಿಯರನ್ನು ದೇಶವಿಡೀ ಒಂದೇ ಥರ ಮಾರಿದವು. ನೆಲಮಾಳಿಗೆಯ ಕಸುಬು ಗೊತ್ತಿಲ್ಲದವರೂ ಅದನ್ನು ಮಾರಬಹುದು, ಅದೇ ಅದರ ಲಾಭ. 1970ರ ದಶಕದ ಶುರುವಿನಲ್ಲಿ ತನ್ನ ಬಿಯರನ್ನು ತಾನೇ ಮಾಡುವ ಹಳೇ ಪಬ್‌ಗಳು ಇಡೀ ಬ್ರಿಟನ್ನಿನಲ್ಲಿ ನಾಲ್ಕೇ ಉಳಿದಿದ್ದವು. 1971ರಲ್ಲಿ ನಾಲ್ಕು ಜನ ಗೆಳೆಯರು ಇಂಥ ಹಳೇ ಪದ್ಧತಿಯ ಬಿಯರನ್ನು ಉಳಿಸಲು ಕಾಮ್ರಾ ಎಂಬ ಸಂಘಟನೆ ಕಟ್ಟಿದರು, ಕಾಸ್ಕ್ ಏಲ್ ಇವತ್ತು ಉಳಿದಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಕುಡಿಯುವವರೇ ಗುಣಮಟ್ಟಕ್ಕಾಗಿ ಬೀದಿಗಿಳಿದ ಇಂಥ ಚಳವಳಿ ಅಪರೂಪ.

ಆಮೇಲೆ ಸರ್ಕಾರ 1989ರಲ್ಲಿ ಒಂದು ಆದೇಶ ತಂದಿತು. 2,000ಕ್ಕಿಂತ ಹೆಚ್ಚು ಪಬ್ ಇಟ್ಟುಕೊಂಡ ಬ್ರೂವರಿಗಳು ಹೆಚ್ಚಿನದರಲ್ಲಿ ಅರ್ಧವನ್ನು ತಮ್ಮ ಹಿಡಿತದಿಂದ ಬಿಡಬೇಕು ಅಂತ. ಉದ್ದೇಶ ಒಳ್ಳೆಯದಿತ್ತು. ಆದರೆ ಬಿಟ್ಟ ಪಬ್‌ಗಳನ್ನು ಕೊಂಡವರು ಬಿಯರೇ ಮಾಡದ ಆಸ್ತಿ ಕಂಪನಿಗಳು. ಅವು ಸಾಲ ಮಾಡಿ ಕೊಂಡವು, ಪಬ್ ನಡೆಸುವವರಿಂದ ಬಾಡಿಗೆಯನ್ನೂ ತಗೊಂಡವು, ತಾವು ಹೇಳಿದ ಕಡೆಯಿಂದಲೇ ದುಬಾರಿ ಬಿಯರ್ ಕೊಳ್ಳಬೇಕು ಅಂತ ಕಟ್ಟಿಯೂ ಹಾಕಿದವು. ಸೂಪರ್‌ಮಾರ್ಕೆಟ್‌ನ ಅಗ್ಗದ ಡಬ್ಬಿ, ಏರುತ್ತಾ ಹೋದ ತೆರಿಗೆ, 2007ರ ಧೂಮಪಾನ ನಿಷೇಧ, ಕೋವಿಡ್, ಕರೆಂಟ್ ಬಿಲ್ಲು, ಎಲ್ಲವೂ ಸೇರಿಕೊಂಡವು. 2000ರಲ್ಲಿ 60 ಸಾವಿರದಷ್ಟಿದ್ದ ಪಬ್‌ಗಳು ಈಗ 45 ಸಾವಿರದ ಆಸುಪಾಸಿನಲ್ಲಿವೆ. ಎಷ್ಟೋ ಕಡೆ ಪಬ್‌ಗಿಂತ ಅದರ ಜಾಗಕ್ಕೇ ಬೆಲೆ ಜಾಸ್ತಿ, ಫ್ಲ್ಯಾಟ್ ಕಟ್ಟಿದರೆ ಲಾಭ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಬಾರ್ ಮುಚ್ಚಿದರೆ ಒಳ್ಳೇದಲ್ವಾ?

ಕುಡಿತದಿಂದ ಹಾಳಾದ ಮನೆಗಳನ್ನು ನಾವಿಬ್ಬರೂ ನೋಡಿದ್ದೇವೆ. 2007ರಲ್ಲಿ ಸಾರಾಯಿ ನಿಷೇಧವಾದಾಗ ನಮ್ಮ ಹಳ್ಳಿಗಳ ಹೆಂಗಸರು ಯಾಕೆ ಸಂತೋಷಪಟ್ಟರು ಅಂತ ನನಗೆ ಗೊತ್ತು, ಆ ಸಂತೋಷದ ವಿರುದ್ಧ ಒಂದಕ್ಷರವನ್ನೂ ನಾನು ಬರೆಯಲ್ಲ. ಬ್ರಿಟನ್ನಿನಲ್ಲೂ ಕುಡಿತದ ಸಮಸ್ಯೆ ಇದೆ. ಆದರೆ ಪಬ್ ಮುಚ್ಚಿದ ಬೀದಿಯಲ್ಲಿ ಜನ ಕುಡಿಯುವುದನ್ನು ಬಿಡುವುದಿಲ್ಲ, ಅಗ್ಗದ ಡಬ್ಬಿ ತಂದು ಮನೆಯಲ್ಲಿ ಒಬ್ಬರೇ ಕೂತು ಕುಡಿಯುತ್ತಾರೆ. ಪಬ್‌ನಲ್ಲಿ ಶೇಕಡಾ 4ರ ಒಂದು ಪೈಂಟ್ ಹಿಡಿದು ಒಂದು ಗಂಟೆ ಮಾತಾಡಬಹುದು. ಮಕ್ಕಳು, ನಾಯಿ, ಮುದುಕರು ಎಲ್ಲರೂ ಇರುತ್ತಾರೆ, ನೀವೇ ನೋಡಿದ್ದೀರಿ. ಸಾಕಷ್ಟು ಕುಡಿದವನಿಗೆ ಇನ್ನು ಕೊಡಲ್ಲ ಅಂತ ಹೇಳುವ ಒಬ್ಬರು ಕೌಂಟರಿನ ಹಿಂದೆ ನಿಂತಿರುತ್ತಾರೆ. ನಮ್ಮ ಹೆದ್ದಾರಿ ಬದಿಯ ಕತ್ತಲೆ ಬಾರ್‌ಗಳಿಗೆ ಇದನ್ನು ಹೋಲಿಸಿ ತೀರ್ಪು ಕೊಡುವುದು ಸರಿಯಲ್ಲ ಸಾರ್.

ಈ ಬಾಗಿಲು ನಮ್ಮವರಿಗೆ ಸುಮ್ನೆ ತೆರೆಯಲಿಲ್ಲ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆತಿಕ್‌ನಲ್ಲಿ ಫೌಂಡ್ರಿ ಕೆಲಸಕ್ಕೆ ಬಂದ ಪಂಜಾಬಿಗಳನ್ನು, ಕೆರಿಬಿಯನ್ ಜನರನ್ನು ಎಷ್ಟೋ ಪಬ್‌ಗಳು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಒಂದು ಕೋಣೆಗೆ ಮಾತ್ರ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಅದರ ವಿರುದ್ಧ ಹೋರಾಡಿತು. 1965ರ ಫೆಬ್ರವರಿಯಲ್ಲಿ, ಕೊಲೆಯಾಗುವುದಕ್ಕೆ ಒಂಬತ್ತು ದಿನ ಮೊದಲು, ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ ಅಲ್ಲಿಗೆ ಹೋಗಿದ್ದ. ಅದೇ ವರ್ಷ ಸಾರ್ವಜನಿಕ ಜಾಗಗಳಲ್ಲಿ ಬಣ್ಣ ನೋಡಿ ತಡೆಯುವುದು ಕಾನೂನುಬಾಹಿರವಾಯಿತು. ಮುಂದೆ ಆ ಭಾಗದಲ್ಲಿ ಮುಚ್ಚಿಹೋಗಲಿದ್ದ ಪಬ್‌ಗಳನ್ನು ಪಂಜಾಬಿಗಳೇ ಕೊಂಡರು. ಈಗ ಅವುಗಳಿಗೆ ದೇಸಿ ಪಬ್ ಅಂತಲೇ ಹೆಸರು. ತಂದೂರಿ ಕೋಳಿ, ಮೀನು, ಕಬಾಬು ಒಂದೇ ಕಬ್ಬಿಣದ ತಟ್ಟೆಯಲ್ಲಿ ಹೊಗೆಯಾಡುತ್ತಾ ಬರುತ್ತದೆ. ಫೌಂಡ್ರಿಯವರು ಬಾಯಾರಿಕೆಗೆ ಕುಡಿಯುತ್ತಿದ್ದ ಕಪ್ಪನೆಯ, ಕಡಿಮೆ ಮತ್ತಿನ ಮೈಲ್ಡ್ ಎಂಬ ಬಿಯರ್ ಬೇರೆ ಕಡೆ ಹೆಚ್ಚುಕಡಿಮೆ ಮಾಯವಾದರೂ ಆ ಸೀಮೆಯ ಪಬ್‌ಗಳಲ್ಲಿ ಇನ್ನೂ ಸಿಗುತ್ತದೆ. ಡರ್ಬಿಯ ಪಬ್ಬಿಗೆ ಒಬ್ಬ ಕನ್ನಡದ ಹುಡುಗ ಷೇರುದಾರ ಆಗಬಹುದು ಅನ್ನುವುದರ ಹಿಂದೆ ಇಷ್ಟು ಕಥೆ ಇದೆ. ಕನ್ನಡ ಪತ್ರಿಕೆ ನಾಲ್ಕು ಪುಟ ಕೊಟ್ಟದ್ದು ಇದಕ್ಕೇ.

ಕೊನೆಗೆ ಷೇರಿನ ವಿಷಯ, ಯಾಕಂದರೆ ನಿಮಗೆ ನಿಜವಾದ ಚಿಂತೆ ಮಗನ ದುಡ್ಡಿನದು ಅಂತ ನನಗನ್ನಿಸುತ್ತಿದೆ. 2011ರ ಲೋಕಲಿಸಂ ಕಾಯ್ದೆ ಪ್ರಕಾರ ಪಬ್ಬನ್ನು ಸಮುದಾಯದ ಆಸ್ತಿ ಅಂತ ಪಟ್ಟಿ ಮಾಡಿಸಬಹುದು. ಆಗ ಮಾರುವವರು ಊರಿನವರಿಗೆ ದುಡ್ಡು ಹೊಂದಿಸಲು ಆರು ತಿಂಗಳು ಕಾಯಬೇಕಾಗುತ್ತದೆ. ಅವರಿಗೇ ಮಾರಬೇಕು ಅಂತೇನೂ ಇಲ್ಲ. ಲಂಡನ್ನಿನ ನನ್‌ಹೆಡ್‌ನಲ್ಲಿರುವ ಐವಿ ಹೌಸ್ 2013ರಲ್ಲಿ ಹೀಗೇ ಊರಿನವರ ಕೈಗೆ ಬಂತು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರಂತೂ ಈ ಕಾಯ್ದೆ ಬರುವ ಮೊದಲೇ, 2003ರಲ್ಲಿ, ತಮ್ಮ ಓಲ್ಡ್ ಕ್ರೌನ್ ಪಬ್ಬನ್ನು ಸಹಕಾರ ಪದ್ಧತಿಯಲ್ಲಿ ಕೊಂಡಿದ್ದರು. ಇಂಥ ಸಂಘಗಳಲ್ಲಿ ಸಾಮಾನ್ಯವಾಗಿ ಎಷ್ಟೇ ಷೇರು ಇರಲಿ ಒಬ್ಬರಿಗೆ ಒಂದೇ ವೋಟು. ಷೇರನ್ನು ಬೇರೆಯವರಿಗೆ ಮಾರಿ ಲಾಭ ಮಾಡುವಂತಿಲ್ಲ, ಹಾಕಿದ ದುಡ್ಡು ವಾಪಸ್ ಬೇಕೆಂದರೆ ಸಂಘ ಒಪ್ಪಬೇಕು. ಹಾಗಾಗಿ ತಕ್ಷಣಕ್ಕೆ ಬೇಕಾಗದ ದುಡ್ಡನ್ನು ಮಾತ್ರ ಹಾಕಲಿ.

ಹಾಕುವ ಮೊದಲು ಮಗ ಮೂರು ವಿಷಯ ಕೇಳಿಕೊಳ್ಳಲಿ. ಕೊಂಡಮೇಲೆ ಬಿಯರನ್ನು ಎಲ್ಲಿಂದ ಬೇಕಾದರೂ ತರಿಸುವ ಸ್ವಾತಂತ್ರ್ಯ ಇರುತ್ತದಾ? ಕಟ್ಟಡದ ರಿಪೇರಿಗೆ ಎಷ್ಟು ಇಟ್ಟಿದ್ದಾರೆ? ನೆಲಮಾಳಿಗೆ ನೋಡಿಕೊಳ್ಳುವವರು ಯಾರು, ಅವರಿಗೆ ಆ ಕಸುಬು ಗೊತ್ತಾ? ಮೂರನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಷೇರು ತಗೊಳ್ಳುವುದು ಬೇಡ. ಸಿಕ್ಕರೆ ತಗೊಳ್ಳಲಿ ಸಾರ್, ನೀವು ಅಡ್ಡ ಬರಬೇಡಿ. ಮುಂದಿನ ಸಲ ಹೋದಾಗ ಡರ್ಬಿ ಸ್ಟೇಷನ್ ಹತ್ತಿರ, 1840ರ ದಶಕದಲ್ಲಿ ರೈಲ್ವೆ ಕೆಲಸಗಾರರಿಗೆ ಕಟ್ಟಿದ ಮನೆಸಾಲಿನ ತುದಿಯಲ್ಲಿರುವ ಬ್ರನ್ಸ್‌ವಿಕ್ ಪಬ್‌ಗೆ ಹೋಗಿ ಅರ್ಧ ಪೈಂಟ್ ಮಾತ್ರ ತಗೊಳ್ಳಿ. ಹಿಡಿಸಲಿಲ್ಲ ಅಂದರೆ ಮತ್ತೆ ಪತ್ರ ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.