ಹದಿನೈದು ಲಕ್ಷದ ಆಫರ್ ಮತ್ತು ಮೈಸೂರಿನ ಮನೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 36. ಮೈಸೂರಿನ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ಡಿಸೈನ್ ಎಂಜಿನಿಯರ್, ಸೇರಿ 4 ವರ್ಷ 5 ತಿಂಗಳು. ಸಿಟಿಸಿ (ಒಬ್ಬ ನೌಕರನಿಗೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಸುಮಾರು 8.1 ಲಕ್ಷ, ಕೈಗೆ ತಿಂಗಳಿಗೆ 58,000. ಪತ್ನಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಸಂಬಳ 18,000. ಆರು ವರ್ಷದ ಮಗಳು, ಮಂಡಿನೋವಿನ ತಾಯಿ, ಸ್ವಂತ ಮನೆ. ಬೆಂಗಳೂರಿನ ಕಂಪನಿಯೊಂದು 15 ಲಕ್ಷದ ಆಫರ್ ಕೊಟ್ಟು, ಹತ್ತು ದಿನದಲ್ಲಿ ಉತ್ತರ ಕೇಳಿತ್ತು. ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲದೆ ಅವರು ನಮ್ಮ ಬಳಿ ಸಲಹೆಗೆ ಬಂದಿದ್ದರು.

"ಮೇಡಂ, ಇಷ್ಟು ದುಡ್ಡು ಬೇಡ ಅಂದ್ರೆ ಜನ ದಡ್ಡ ಅನ್ನಲ್ವಾ?" ಎಂದು ಅವರು ಮಾತು ಶುರು ಮಾಡಿದರು. ಆಫರ್ ಲೆಟರನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರು. ಬಿಡಿಸಿದಾಗ ಹಿಂಬದಿಯಲ್ಲಿ ಪತ್ನಿಯ ಪೆನ್ಸಿಲ್ ಬರಹ: 7.50 ವ್ಯಾನ್, 3.30 ಅತ್ತೆಗೆ ಫಿಸಿಯೋ, 4.15 ವ್ಯಾನ್. ಮೊದಲ ಭೇಟಿಯಲ್ಲಿ ಹೆಚ್ಚು ಹೊತ್ತು ಮಾತಾಡಿದ್ದು ಆ ಹಿಂಬದಿಯ ಬಗ್ಗೆಯೇ. ಬೆಂಗಳೂರಿಗೆ ಹೋದರೆ ಈ ಮೂರರಲ್ಲಿ ಯಾವುದನ್ನು ಯಾರು ಮಾಡುತ್ತಾರೆ ಎಂಬುದನ್ನು ಮನೆಯಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ.

ಆಮೇಲೆ ಲೆಕ್ಕ. ಸಿಟಿಸಿಗೆ ಸಿಟಿಸಿ ಹೋಲಿಸುವುದು ಇಂಥ ಪ್ರಕರಣಗಳಲ್ಲಿ ಎಲ್ಲರೂ ಮಾಡುವ ತಪ್ಪು. 15 ಲಕ್ಷದಲ್ಲಿ 1,80,000 ವೇರಿಯಬಲ್ (ಖಚಿತವಲ್ಲದ, ಹೆಚ್ಚುಕಡಿಮೆ ಆಗಬಹುದಾದ ಭಾಗ), 72,000 ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ), 28,860 ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಇಡುಗಂಟು), 12,000 ಆರೋಗ್ಯ ವಿಮೆ. ಇವನ್ನು ಕಳೆದರೆ ತಿಂಗಳಿಗೆ 1,00,595. ಅದರಲ್ಲಿ ತಮ್ಮ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಹೋಗಿ ಕೈಗೆ ಬರುವುದು ಸುಮಾರು 94,400. ಅಂದರೆ ಈಗಿನದಕ್ಕಿಂತ 36,400 ಹೆಚ್ಚು. ಪಿಎಫ್ ಖಾತೆಗೂ ಎರಡೂ ಪಾಲು ಸೇರಿ ತಿಂಗಳಿಗೆ 4,320 ಹೆಚ್ಚು ಬೀಳುತ್ತದೆ, ಅದು ನಿಜವಾದ ಲಾಭವೇ.

ವೇರಿಯಬಲ್‌ನ ಕಥೆ ಬೇರೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಆದಾಯ 12 ಲಕ್ಷದೊಳಗಿದ್ದರೆ ತೆರಿಗೆ ಇಲ್ಲ. ವೇರಿಯಬಲ್ ಬಾರದಿದ್ದರೆ ಇವರು ಆ ಗೆರೆಯ ಒಳಗೇ ಇರುತ್ತಾರೆ. ಪೂರ್ತಿ ಬಂದರೆ ಆದಾಯ 13,12,140ಕ್ಕೆ ಏರಿ, ಸೆಸ್ ಸೇರಿ 79,900ರಷ್ಟು ತೆರಿಗೆ ಬೀಳುತ್ತದೆ. ಹಾಗಾಗಿ 1,80,000ದಲ್ಲಿ ಮನೆಗೆ ಬರುವುದು ಒಂದು ಲಕ್ಷ ಚಿಲ್ಲರೆ, ಅದೂ ಕಂಪನಿ ಪೂರ್ತಿ ಕೊಟ್ಟರೆ.

ಈ ಹೆಚ್ಚುವರಿ 36,400 ಎಲ್ಲಿಗೆ ಹೋಗುತ್ತದೆ? ಸಂಸಾರ ಸಮೇತ ಹೋದರೆ ಎರಡು ಕೋಣೆಯ ಮನೆಗೆ ಮೇಂಟೆನೆನ್ಸ್ ಸೇರಿ 26,500 ಎಂದು ಅವರೇ ವಿಚಾರಿಸಿ ಬಂದಿದ್ದರು. ಪತ್ನಿಗೆ ಅಲ್ಲಿ ಕೆಲಸ ಸಿಗುವವರೆಗೆ 18,000 ನಿಲ್ಲುತ್ತದೆ. ಅಲ್ಲಿಗೆ ತಿಂಗಳಿಗೆ 8,100 ಕೈಯಿಂದಲೇ ಹೋಗುತ್ತದೆ. ತಾಯಿ ಮೈಸೂರು ಬಿಡಲು ಒಪ್ಪಿರಲಿಲ್ಲ, ಆದ್ದರಿಂದ ಈ ಮನೆಯನ್ನು ಬಾಡಿಗೆಗೆ ಕೊಡುವ ಮಾತೂ ಇಲ್ಲ. ಒಬ್ಬರೇ ಪಿಜಿಯಲ್ಲಿದ್ದು ವಾರಕ್ಕೊಮ್ಮೆ ಬಂದರೆ ವಾಸ, ಊಟ, ಓಡಾಟಕ್ಕೆ 18,500 ಹೋಗಿ 17,900 ಉಳಿಯುತ್ತದೆ. ಹಣದ ಮಟ್ಟಿಗೆ ಇದೇ ಒಳ್ಳೆಯ ದಾರಿ. ರೈಲಿನ ಮಾಸಿಕ ಪಾಸ್ ಅಗ್ಗ ನಿಜ, ಆದರೆ ಮನೆ ಬಾಗಿಲಿಂದ ಆಫೀಸಿಗೆ ಹೋಗಿ ಬರಲು ದಿನಕ್ಕೆ ಏಳು ಗಂಟೆ, 22 ದಿನಕ್ಕೆ 154 ಗಂಟೆ. ಅದನ್ನು ಪಟ್ಟಿಯಿಂದಲೇ ತೆಗೆದೆವು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 2004ರಲ್ಲಿ ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರ ದಿನಚರಿ ನೋಡಿದಾಗ, ಅತಿ ಕಡಿಮೆ ಖುಷಿಯ ಹೊತ್ತುಗಳ ಸಾಲಿನಲ್ಲಿ ಕೆಲಸಕ್ಕೆ ಹೋಗಿಬರುವ ಪ್ರಯಾಣವೂ ಇತ್ತು.

ಗಂಟೆಯ ಲೆಕ್ಕವನ್ನೂ ಹಾಕಿಸಿದೆವು. ಮೈಸೂರಿನಲ್ಲಿ ಕೆಲಸ, ಓಡಾಟ ಸೇರಿ ತಿಂಗಳಿಗೆ 222 ಗಂಟೆ, ಗಂಟೆಗೆ 261 ರೂಪಾಯಿ. ಸಂಸಾರ ಸಮೇತ ಬೆಂಗಳೂರಿನಲ್ಲಿ ದಿನಕ್ಕೆ ಹನ್ನೆರಡೂವರೆ ಗಂಟೆಯಂತೆ 275 ಗಂಟೆ. ಮನೆ ಬಾಡಿಗೆ, ಮೇಂಟೆನೆನ್ಸ್ ಕಳೆದು ಉಳಿಯುವ 67,900ನ್ನು ಭಾಗಿಸಿದರೆ ಗಂಟೆಗೆ 247. ಪತ್ನಿಯ ಸಂಬಳ ನಿಂತದ್ದನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಈ ಎರಡು ಅಂಕಿಗಳನ್ನು ಅವರು ಬಹಳ ಹೊತ್ತು ನೋಡಿದರು.

ಲೆಕ್ಕ ಇಷ್ಟು ಹೇಳಿದರೂ ಒಂದು ಪ್ರಶ್ನೆ ಉಳಿದೇ ಇತ್ತು: ಕೆಲಸ ಬಿಡಬೇಕು ಅನ್ನಿಸಿದ್ದಾದರೂ ಯಾಕೆ? ಉತ್ತರಕ್ಕೆ ಇನ್ನೊಂದು ವಾರ ಸಮಯ ಬೇಕೆಂದು ಹೊಸ ಕಂಪನಿಗೆ ಮೇಲ್ ಹಾಕಲು ಹೇಳಿದೆವು. ನಿದ್ದೆಗೆಟ್ಟು ತೆಗೆದುಕೊಂಡ ತೀರ್ಮಾನ ಆತಂಕ ಇಳಿಸಿಕೊಳ್ಳುವ ಉಪಾಯವಷ್ಟೇ ಆಗಿರುತ್ತದೆ. ಆ ವಾರ ಪ್ರತಿ ಸಂಜೆ, ದಿನದ ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ, ಯಾವುದು ಹಿಂಡಿತು ಎಂದು ಬರೆದು ಹತ್ತಕ್ಕೆ ಅಂಕ ಕೊಡಬೇಕಿತ್ತು. ಡ್ರಾಯಿಂಗ್ ಮತ್ತು ಅಚ್ಚಿನ ಟ್ರಯಲ್‌ಗೆ 8, ಸೋಮವಾರದ ರಿವ್ಯೂ ಮೀಟಿಂಗ್‌ಗೆ 3. ಕೆಲಸ ಬೇಸರ ತಂದಿರಲಿಲ್ಲ. ಚುಚ್ಚಿದ್ದು ಎರಡು: ನಾಲ್ಕು ವರ್ಷದಿಂದ ಹೆಸರಿಗಷ್ಟೇ ಆದ ಇನ್‌ಕ್ರಿಮೆಂಟ್, ಮತ್ತು ನೆಂಟರ ಗೃಹಪ್ರವೇಶದಲ್ಲಿ ಭಾವ ಎಲ್ಲರೆದುರು "ಎಷ್ಟು ನಿನ್ನ ಪ್ಯಾಕೇಜು?" ಎಂದು ಕೇಳಿದ್ದು. ಸಂಬಳ ಹೆಚ್ಚಿಸಿ ಎಂದು ಎಂದಾದರೂ ಬರೆದು ಕೇಳಿದ್ದೀರಾ ಎಂದಾಗ, "ಅವರೇ ಗುರುತಿಸ್ತಾರೆ ಅಂದ್ಕೊಂಡೆ" ಎಂದರು.

ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದು ಇಲ್ಲಿ ಕೆಲಸಕ್ಕೆ ಬಂತು: ಕಡಿಮೆ ಸಂಬಳ ಅತೃಪ್ತಿ ತರುತ್ತದೆ, ಆದರೆ ಹೆಚ್ಚಿನ ಸಂಬಳ ಕೆಲಸದ ತೃಪ್ತಿ ತರುವುದಿಲ್ಲ. ಇವರ ಕೊರಗು ಸಂಬಳದ ಕಡೆಯದು, ತೃಪ್ತಿ ಕೈಯಲ್ಲೇ ಇತ್ತು.

ಕೊಟ್ಟ ಸಲಹೆ ಹೀಗಿತ್ತು. ಹೊಸ ಕಂಪನಿಯಿಂದ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ಕಳೆದ ಎರಡು ವರ್ಷ ಈ ತಂಡಕ್ಕೆ ವೇರಿಯಬಲ್ ಶೇಕಡಾ ಎಷ್ಟು ಕೊಟ್ಟಿದ್ದಾರೆ, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು, ನೋಟಿಸ್ ಅವಧಿ ಎಷ್ಟು. ವಾರಕ್ಕೆ ಎರಡೇ ದಿನವಾದರೆ ಇಡೀ ಲೆಕ್ಕವೇ ಬದಲಾಗುತ್ತದೆ. ಈಗಿನ ಕಂಪನಿಯಲ್ಲಿ ಆಫರ್ ತೋರಿಸಿ ಹೆದರಿಸಬೇಡಿ. ಹಾಗೆ ಸಿಕ್ಕ ಏರಿಕೆಯ ಜೊತೆ 'ಇವನು ಹೋಗುವವನೇ' ಎಂಬ ಅನುಮಾನವೂ ಬರುತ್ತದೆ. ಮಾಡಿದ ಕೆಲಸದ ಪಟ್ಟಿ, ಉಳಿಸಿದ ಖರ್ಚು, ಬೇಕಾದ ಮೊತ್ತ ಒಂದೇ ಪುಟದಲ್ಲಿ ಬರೆದು ಕೊಡಿ. ಈಗಿನ ಕಂಪನಿಯಲ್ಲಿ ಗ್ರಾಚ್ಯುಟಿ ಸಿಗಲು ಬೇಕಾದ 5 ವರ್ಷ ತುಂಬಲು ಇನ್ನು ಏಳೇ ತಿಂಗಳು. 32,000 ಬೇಸಿಕ್‌ಗೆ (ಮೂಲ ವೇತನಕ್ಕೆ) 15/26 ಸೂತ್ರದಂತೆ, ಅಂದರೆ ತಿಂಗಳಿಗೆ 26 ದಿನ ಎಂದು ಹಿಡಿದು ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ, ಸುಮಾರು 92,300 ಆಗುತ್ತದೆ, ಅದನ್ನು ತೂಕಕ್ಕೆ ಹಾಕಿ. ಮುಂದಿನ ಭೇಟಿಗೆ ಪತ್ನಿಯೂ ಬರಲಿ.

ಇದೇ ಮನೆಯಲ್ಲಿ ಹೆಚ್ಚಿನ ಬಡ್ಡಿಯ ಕೈಸಾಲ ಇದ್ದಿದ್ದರೆ ನಮ್ಮ ಸಲಹೆ ಬೇರೆಯಾಗಿರುತ್ತಿತ್ತು. ಆಗ ತಿಂಗಳಿಗೆ 17,900 ಉಳಿಸುವ ಪಿಜಿ ದಾರಿಯೇ ಸರಿ. ಎಷ್ಟು ತಿಂಗಳು, ಯಾವ ದಿನಕ್ಕೆ ವಾಪಸ್ ಎಂದು ಮೊದಲೇ ಗೊತ್ತುಮಾಡಿಕೊಂಡು ಹೋಗಬೇಕು.

ಐದು ದಿನವೂ ಆಫೀಸಿಗೆ ಬರಬೇಕು ಎಂದು ಬೆಂಗಳೂರಿನಿಂದ ಉತ್ತರ ಬಂತು. ಗಂಡ-ಹೆಂಡತಿ ಇಬ್ಬರೂ ಕೂತು ಬೇಡ ಎಂದು ತೀರ್ಮಾನಿಸಿದರು. ಈಗಿನ ಕಂಪನಿ ಕೇಳಿದಷ್ಟು ಕೊಡಲಿಲ್ಲ. ಕೈಗೆ ಬರುವುದು 64,500 ಆಯಿತು. ಮೂರನೇ ತಿಂಗಳ ಭೇಟಿಯಲ್ಲಿ ನಿದ್ದೆ ಸರಿಯಾಗಿತ್ತು, ಸೋಮವಾರದ ಮೀಟಿಂಗ್ ಇನ್ನೂ ಮೂರರಲ್ಲೇ ಇತ್ತು. ಐದು ವರ್ಷ ತುಂಬಿದ ಮೇಲೆ ಮತ್ತೆ ಕೆಲಸ ಹುಡುಕುವ ಯೋಚನೆ ಇದೆ: ಕೈಗೆ ಕನಿಷ್ಠ 75,000, ಬೆಂಗಳೂರಾದರೆ ವಾರಕ್ಕೆ ಎರಡು ದಿನ ಮಾತ್ರ. ಆ ಎರಡು ಸಾಲನ್ನು ಈ ಸಲ ಪತ್ನಿಯೇ ಬರೆದುಕೊಟ್ಟಿದ್ದಾರೆ.