ಎಷ್ಟು ವರ್ಷಕ್ಕೆ ಎಂದು ಯಾರೂ ಕೇಳಿರಲಿಲ್ಲ

ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಮುನ್ನ ಖರ್ಚಿನ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬರುವ ಕುಟುಂಬಗಳು ಹೆಚ್ಚಾಗಿ ಒಂದೇ ಕಡೆ ಎಡವುತ್ತವೆ. ತಿಂಗಳಿಗೆ ಎಷ್ಟು ಎಂಬುದು ಎಲ್ಲರಿಗೂ ಬಾಯಿಪಾಠ. ಎಷ್ಟು ವರ್ಷ ಎಂಬುದು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ.

ತಂದೆಗೆ 79. ಪಾರ್ಶ್ವವಾಯುವಾಗಿ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಬುದ್ಧಿ, ಮಾತು ಎರಡೂ ಚುರುಕು. ಅವರನ್ನು ಎಬ್ಬಿಸಿ ಕೂರಿಸುವ ಶಕ್ತಿ 73ರ ತಾಯಿಗಿಲ್ಲ. ಮಗ ಒಂದು ಕೇಂದ್ರ ಗೊತ್ತುಮಾಡಿದ್ದ. ಮಗಳು ಕೆಲಸ ಬಿಟ್ಟು ತಾನೇ ನೋಡಿಕೊಳ್ಳುವುದಾಗಿ ಹಟ ಹಿಡಿದಿದ್ದಳು.

ನಾಲ್ವರೂ ಕೂತಿದ್ದಾಗ ಮಗ ತನ್ನ ಲೆಕ್ಕದ ಹಾಳೆ ಮುಂದಿಟ್ಟ. ಶುಲ್ಕ, ಠೇವಣಿ, ಔಷಧಿ ಎಲ್ಲ ಅಚ್ಚುಕಟ್ಟಾಗಿತ್ತು. ‘ಇದು ಎಷ್ಟು ವರ್ಷದ ಲೆಕ್ಕ?’ ಎಂದು ಕೇಳಿದಾಗ ಅವನು ತಡವರಿಸಿದ. ‘ಸದ್ಯಕ್ಕೆ ಒಂದು ವರ್ಷ ಅಂತ...’ ಮಗಳು ಸಿಡುಕಿದಳು: ‘ಅಪ್ಪನ ಎದುರಿಗೇ ಇಂಥ ಮಾತಾ?’

ಉತ್ತರ ಕೊಟ್ಟದ್ದು ಅಪ್ಪ. ‘ನಮ್ಮಪ್ಪ 91ರವರೆಗೆ ಇದ್ದ ಕಣೋ. ನಾನೂ ಅಷ್ಟು ಸುಲಭಕ್ಕೆ ಹೋಗೋನಲ್ಲ. 12 ವರ್ಷಕ್ಕೆ ಹಾಕು. ಬೇಗ ಹೋದ್ರೆ ಉಳಿದದ್ದು ನಿಮ್ಮಮ್ಮನಿಗೆ.’

ಅಲ್ಲಿಂದ ಮಾತು ಹಳಿಗೆ ಬಂತು. ಶುಲ್ಕ ವರ್ಷಕ್ಕೆ ಶೇ. 8ರಂತೆ ಏರುತ್ತದೆ ಎಂದಿಟ್ಟುಕೊಂಡರೆ 9 ವರ್ಷಕ್ಕೆ ಎರಡರಷ್ಟಾಗುತ್ತದೆ. 12 ವರ್ಷದ ಒಟ್ಟು ಖರ್ಚು ಮೊದಲ ವರ್ಷದ ಖರ್ಚಿನ 12 ಪಟ್ಟಲ್ಲ, ಸುಮಾರು 19 ಪಟ್ಟು. ಕೂಡಿಟ್ಟ ಹಣಕ್ಕೆ ತೆರಿಗೆ ಕಳೆದು ಶೇ. 6 ಬಡ್ಡಿ ಬರುತ್ತದೆಂದರೆ, ಇವತ್ತು ಕೈಯಲ್ಲಿರಬೇಕಾದದ್ದು ಮೊದಲ ವರ್ಷದ ಖರ್ಚಿನ 13 ಪಟ್ಟಿಗಿಂತ ತುಸು ಹೆಚ್ಚು. ಪಿಂಚಣಿಯಿದ್ದರೆ ಅಷ್ಟು ಕಡಿಮೆ ಸಾಕು. ಆದರೆ ಪಿಂಚಣಿ ಶುಲ್ಕದ ವೇಗದಲ್ಲೇ ಏರುತ್ತದೆಂದು ನಂಬಿಕೊಳ್ಳಬಾರದು. ಈ ಅಂಕಿ ನೋಡಿದ ಮೇಲೆ ಮಗ ಆರಿಸಿದ್ದ ಕೇಂದ್ರ ತಾನಾಗಿಯೇ ಪಟ್ಟಿಯಿಂದ ಬಿತ್ತು. ಐದನೇ ವರ್ಷಕ್ಕೆ ಹಣ ಮುಗಿದು ಅಗ್ಗದ ಜಾಗಕ್ಕೆ ಸಾಗಿಸುವುದಕ್ಕಿಂತ ಕೊನೆತನಕ ನಿಭಾಯಿಸಬಲ್ಲ ಜಾಗಕ್ಕೆ ಮೊದಲೇ ಹೋಗುವುದು ಮೇಲು. ವಯಸ್ಸಾದವರಿಗೆ ಸ್ಥಳ ಬದಲಾವಣೆ ಹಣಕ್ಕಿಂತ ದೊಡ್ಡ ಪೆಟ್ಟು.

ಹಿರಿಯರ ಮುಂದೆ ಆಯುಸ್ಸಿನ ಮಾತೆತ್ತುವುದು ಕ್ರೌರ್ಯ ಎಂದು ಆಮೇಲೆ ಬಂಧುಗಳು ಆಕ್ಷೇಪಿಸಿದರಂತೆ. ಒಪ್ಪುವುದಿಲ್ಲ. ಹಣ ಅವರದು, ದೇಹ ಅವರದು, ಬುದ್ಧಿ ನೆಟ್ಟಗಿದೆ. ಅವರನ್ನು ಹೊರಗಿಟ್ಟು ಪಕ್ಕದ ಕೋಣೆಯಲ್ಲಿ ಪಿಸುಗುಟ್ಟುವುದೇ ಕ್ರೌರ್ಯ.

ಇನ್ನು ‘ಮೊದಲ ವರ್ಷದ ಖರ್ಚು’ ಎಂದರೆ ಕೇಂದ್ರದವರು ಅಚ್ಚು ಹಾಕಿಸಿದ ಶುಲ್ಕವಲ್ಲ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹತೋಟಿ, ಊಟ – ಈ ಆರರಲ್ಲಿ ಎಷ್ಟಕ್ಕೆ ಇನ್ನೊಬ್ಬರ ಕೈ ಬೇಕು ಎಂಬುದರ ಮೇಲೆ ಆರೈಕೆಯ ಹಂತ ಗೊತ್ತಾಗುತ್ತದೆ. ಹಂತ ಏರಿದರೆ ಬಿಲ್ಲೂ ಏರುತ್ತದೆ. ಹಂತ ನಿರ್ಧರಿಸುವವರು ಯಾರು, ಎಷ್ಟು ತಿಂಗಳಿಗೊಮ್ಮೆ, ಒಪ್ಪದಿದ್ದರೆ ಏನು ದಾರಿ ಎಂದು ಕೇಳಲೇಬೇಕು. ಡೈಪರ್ ಹೊರಗಿನ ಬಾಬ್ತು: ದಿನಕ್ಕೆ 5 ಎಂದರೆ ತಿಂಗಳಿಗೆ 150. ಫಿಸಿಯೋಥೆರಪಿ, ವೈದ್ಯರ ಭೇಟಿ, ಗಾಳಿ ಹಾಸಿಗೆ, ರಾತ್ರಿ ಪ್ರತ್ಯೇಕ ಸಹಾಯಕರು ಬೇಕಾದರೆ ಅದೂ ಬೇರೆ. ಈಗಿರುವ ನಿವಾಸಿಯೊಬ್ಬರ ಮೂರು ತಿಂಗಳ ಬಿಲ್ಲನ್ನು ಹೆಸರು ಮುಚ್ಚಿ ತೋರಿಸಿ ಎಂದು ಕೇಳಲು ಮಗನಿಗೆ ಹೇಳಲಾಯಿತು. ಒಂದು ಕಡೆ ತೋರಿಸಿದರು: ಘೋಷಿತ ಶುಲ್ಕವನ್ನು 100 ಎಂದಿಟ್ಟುಕೊಂಡರೆ ಬಿಲ್ಲು 155.

ಒಪ್ಪಂದದಲ್ಲಿ ಜನ ಓದದೆ ಬಿಡುವ ಸಾಲುಗಳಿವೆ. ಆಸ್ಪತ್ರೆಗೆ ಸೇರಿದ ದಿನಗಳಲ್ಲೂ ಇಲ್ಲಿನ ಹಾಸಿಗೆಗೆ ಹಣ ಕಟ್ಟಬೇಕೇ? ವಾರ್ಷಿಕ ಏರಿಕೆಗೆ ಮಿತಿಯಿದೆಯೇ? ಠೇವಣಿ ಎಷ್ಟು ದಿನದಲ್ಲಿ ವಾಪಸ್, ಏನೇನು ಮುರಿದುಕೊಳ್ಳುತ್ತಾರೆ? ಮೂಗಿನ ನಳಿಕೆಯಲ್ಲಿ ಆಹಾರ ಕೊಡಬೇಕಾದಾಗ ಇಟ್ಟುಕೊಳ್ಳುತ್ತಾರೋ, ಕರೆದೊಯ್ಯಿರಿ ಎನ್ನುತ್ತಾರೋ? ಆರೋಗ್ಯ ವಿಮೆ ಇದೆಯಲ್ಲ ಎಂಬ ಧೈರ್ಯವೂ ಬೇಡ. ಸಾಮಾನ್ಯ ವಿಮೆ ಆಸ್ಪತ್ರೆಯ ಚಿಕಿತ್ಸೆಗೆ. ವರ್ಷಗಟ್ಟಲೆ ಮೈತೊಳೆಸಿ ಉಣಿಸುವ ಆರೈಕೆಗಲ್ಲ.

ಮಗಳಿಗೆ ಕೆಲಸ ಬಿಡಬೇಡ ಎಂದದ್ದು ಆಕೆಗೆ ಹಿಡಿಸಲಿಲ್ಲ. 12 ವರ್ಷದ ಸಂಬಳ, ಅದರ ಜೊತೆ ಹೋಗುವ ಭವಿಷ್ಯನಿಧಿ, ಆಮೇಲೆ ಸಿಗದ ಕೆಲಸ ಕೂಡಿಸಿದರೆ ‘ಮನೆಯಲ್ಲೇ ಪುಕ್ಕಟೆ’ ಎಂಬ ಆರೈಕೆ ಕೇಂದ್ರಕ್ಕಿಂತ ದುಬಾರಿಯಾಗಬಹುದು. ಒಬ್ಬರೇ ಎತ್ತಿ ಮಲಗಿಸುವಾಗ ಸೊಂಟ ಹೋದರೆ ಆರೈಕೆ ಬೇಕಾದವರು ಇಬ್ಬರಾಗುತ್ತಾರೆ.

ತಾಯಿಯ ಜೀವನಕ್ಕೆ ಬೇಕಾದ ಮೊತ್ತವನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ತಂದೆಯ ಖರ್ಚು ಲೆಕ್ಕ ಹಾಕಿಸಲಾಯಿತು. ಮನೆಯನ್ನು ಈಗಲೇ ಮಕ್ಕಳ ಹೆಸರಿಗೆ ಮಾಡಬೇಡಿ ಎಂದೂ ಹೇಳಲಾಯಿತು: ಕೊನೆಗೆ ಉಳಿಯುವ ಆಸರೆ ಅದೊಂದೇ. ಬುದ್ಧಿ ನೆಟ್ಟಗಿರುವಾಗಲೇ ವಕೀಲರನ್ನು ಕಾಣುವುದೂ ಮುಖ್ಯ. ಬರೆದುಕೊಟ್ಟವರ ಮಾನಸಿಕ ಸಾಮರ್ಥ್ಯ ಹೋದರೆ ಸಾಮಾನ್ಯ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಅನೇಕ ಕಡೆ ಊರ್ಜಿತವಾಗುವುದಿಲ್ಲ.

ಉಳಿತಾಯ ಎರಡು ವರ್ಷದ ಖರ್ಚಿಗೆ ಇಳಿದಾಗ ಮನೆ ಮಾರಾಟಕ್ಕಿಡಬೇಕು, ಪೂರ್ತಿ ಖಾಲಿಯಾಗುವತನಕ ಕಾದು ಸಿಕ್ಕ ಬೆಲೆಗೆ ಕೊಡಬಾರದು ಎಂದು ತಂದೆ ಎಡಗೈಯಲ್ಲೇ ಸಹಿ ಹಾಕಿದರು. ತಾಯಿ ಒಪ್ಪಿದ್ದಾರೆ. ಮಗ ಇನ್ನೂ ಒಪ್ಪಿಲ್ಲ.