ಓದುಗರ ಪ್ರಶ್ನೆ, ತಜ್ಞರ ಉತ್ತರ: ಬ್ರೇಕ್‌ನಲ್ಲಿ ಸಿಕ್ಕ ಗಾಳಿ ತೆಗೆಯುವುದು ಹೇಗೆ?

ಪ್ರಶ್ನೆ: ಕಾರಿನ ಮುಂದಿನ ಚಕ್ರದ ಬ್ರೇಕ್ ಹೋಸ್ ಬದಲಾಯಿಸಿದ ಮೇಲೆ ಪೆಡಲ್ ಮೆತ್ತಗಾಗಿದೆ. ಏರ್ ತೆಗೆಯುವ ಕೆಲಸವನ್ನು ಮನೆಯಲ್ಲೇ ಇಬ್ಬರು ಸೇರಿ ಮಾಡಬಹುದೇ?

ಉತ್ತರ: ಮಾಡಬಹುದು. ಹೋಸ್ ಬಿಚ್ಚಿದಾಗ ಒಳಹೊಕ್ಕ ಗಾಳಿಯೇ ಕಾರಣವಿರಬೇಕು. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ನೀವು ತುಳಿದದ್ದರಲ್ಲಿ ಒಂದು ಪಾಲು ಗುಳ್ಳೆಯನ್ನು ಹಿಂಡುವುದಕ್ಕೇ ಹೋಗುತ್ತದೆ.

ಅರ್ಧ ಲೀಟರ್ ಹೊಸ ಬ್ರೇಕ್ ಆಯಿಲ್, ಬ್ಲೀಡ್ ನಿಪ್ಪಲ್ (ಚಕ್ರದ ಬಳಿ ಗಾಳಿ, ಆಯಿಲ್ ಹೊರಬಿಡಲು ಇರುವ ಸಣ್ಣ ತಿರುಪು) ಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್, ಒಂದು ಬಾಟಲಿ ಮತ್ತು ನಿಪ್ಪಲ್ ಅಳತೆಯ ರಿಂಗ್ ಸ್ಪ್ಯಾನರ್ ಸಾಕು. ಅಳತೆ ಸಾಮಾನ್ಯವಾಗಿ 8, 10 ಅಥವಾ 11 ಮಿ.ಮೀ. ಇರುತ್ತದೆ. ಓಪನ್ ಸ್ಪ್ಯಾನರ್ ಬೇಡವೇ ಬೇಡ. ನಿಪ್ಪಲ್‌ನ ಮೂಲೆ ಸವೆದರೆ ಅರ್ಧ ಗಂಟೆಯ ಕೆಲಸ ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬದಲಾಯಿಸುವವರೆಗೂ ಹೋಗಬಹುದು. ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಕಾರು ಸಮತಟ್ಟು ನೆಲದ ಮೇಲಿರಲಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಅಡ್ಡ ಕೊಡಿ. ಜಾಕ್ ಎತ್ತುವುದಕ್ಕಷ್ಟೇ, ಭಾರ ಹೊರಬೇಕಾದದ್ದು ಸ್ಟ್ಯಾಂಡ್. ಎಂಜಿನ್ ಆಫ್ ಆಗಿರಲಿ.

ಬಾನೆಟ್ ಕೆಳಗಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿ, ಆಮೇಲೆ ತೆರೆದು ಮ್ಯಾಕ್ಸ್ ಗೆರೆವರೆಗೆ ತುಂಬಿಸಿ. ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ಬಾಟಲಿಯಲ್ಲಿ ಮೊದಲೇ ಸುರಿದಿಟ್ಟ ಆಯಿಲ್‌ನೊಳಗೆ ಮುಳುಗಿರಬೇಕು. ಒಳಗೆ ಕೂತವರು ಪೆಡಲನ್ನು ಮೂರು ನಾಲ್ಕು ಸಲ ನಿಧಾನವಾಗಿ ತುಳಿದು, ಒತ್ತಿ ಹಿಡಿದು “ಹಿಡಿದಿದ್ದೀನಿ” ಎನ್ನಲಿ. ನೀವು ನಿಪ್ಪಲನ್ನು ಕಾಲು ಸುತ್ತು ಬಿಡಿಸಿ. ಆಯಿಲ್ ಗುಳ್ಳೆಗಳ ಜೊತೆ ಹೊರಬರುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ನಿಪ್ಪಲ್ ಬಿಗಿ ಮಾಡಿ “ಬಿಡಿ” ಎಂದ ಮೇಲೆಯೇ ಅವರು ಕಾಲು ತೆಗೆಯಬೇಕು. ಈ ಕ್ರಮ ತಪ್ಪಿ ಕಾಲು ಮೊದಲು ಎದ್ದರೆ, ಹೊರಗೆ ಹೋದ ಗಾಳಿ ನಿಪ್ಪಲ್‌ನ ಮೂಲಕ ಮತ್ತೆ ಒಳಗೆ ಬರುತ್ತದೆ. ಎಷ್ಟು ಮಾಡಿದರೂ ಗುಳ್ಳೆ ನಿಲ್ಲುತ್ತಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಗುಳ್ಳೆ ನಿಂತು ತಿಳಿಯಾದ ಆಯಿಲ್ ಬರುವವರೆಗೆ ಹೀಗೇ ಮುಂದುವರಿಸಿ. ಐದಾರು ಸಲ ತುಳಿದ ಮೇಲೆ ಡಬ್ಬಿಯನ್ನು ನೋಡಲೇಬೇಕು. ಮಟ್ಟ ಮಿನ್ ಗೆರೆಗಿಂತ ಇಳಿದು ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳತ್ತ ಒತ್ತುವ ಭಾಗ) ಗಾಳಿ ಎಳೆದುಕೊಂಡರೆ ಮಾಡಿದ ಕೆಲಸವೆಲ್ಲ ಮೊದಲಿನಿಂದ.

ಹಳೆಯ ಕಾರಾದರೆ ಪೆಡಲ್ ಕೆಳಗೆ ಮರದ ತುಂಡಿಟ್ಟು, ಅದು ನೆಲದವರೆಗೆ ಹೋಗದಂತೆ ತಡೆಯಿರಿ. ಮಾಸ್ಟರ್ ಸಿಲಿಂಡರ್‌ನ ಒಳಮೈಯಲ್ಲಿ ದಿನನಿತ್ಯ ಪಿಸ್ಟನ್ ತಲುಪದ ಜಾಗ ತುಕ್ಕಿನಿಂದ ಒರಟಾಗಿರಬಹುದು. ರಬ್ಬರ್ ಸೀಲ್ ಅಲ್ಲಿಗೆ ಹೋದರೆ ಹರಿಯುತ್ತದೆ. ನಾಲ್ಕೂ ಚಕ್ರಗಳನ್ನು ಮಾಡುವುದಾದರೆ ಕ್ರಮಕ್ಕೆ ಕಾರಿನ ಕೈಪಿಡಿಯೇ ಪ್ರಮಾಣ. ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರ ಮೊದಲು ಎಂಬ ರೂಢಿ ಎಲ್ಲ ಕಾರುಗಳಿಗೂ ಹೊಂದುವುದಿಲ್ಲ.

ಪ್ರಶ್ನೆ: ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಇರುವ ಕಾರಿಗೆ ಡಾಟ್ 4 ಹಾಕಬಹುದೇ? ಹೊರತೆಗೆದ ಆಯಿಲನ್ನು ಸೋಸಿ ಮತ್ತೆ ಬಳಸಬಹುದೇ?

ಉತ್ತರ: ಡಾಟ್ 3, 4 ಮತ್ತು 5.1 ಗ್ಲೈಕಾಲ್ ಆಧಾರಿತವಾದ್ದರಿಂದ ಬೆರೆತರೆ ತೊಂದರೆಯಿಲ್ಲ. ಆದರೂ ಕಾರಿನ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕುವುದು ಒಳ್ಳೆಯದು. ಡಾಟ್ 5 ಸಿಲಿಕೋನ್, ಇವುಗಳ ಜೊತೆ ಸೇರಬಾರದು. ಎಂಜಿನ್ ಆಯಿಲ್ ಒಂದಿಷ್ಟು ಬೆರೆತರೂ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ.

ಸೋಸಿ ಬಳಸಬೇಡಿ. ಈ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ, ಸೋಸಿದರೆ ಕಸ ಹೋದೀತು, ನೀರು ಹೋಗದು. ಮಾನದಂಡದ ಪ್ರಕಾರ ಹೊಸ ಡಾಟ್ 4ರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ್ದಕ್ಕೆ ನಿಗದಿಯಾದ ಕನಿಷ್ಠ ಮಿತಿ 155 ಮಾತ್ರ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ, ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗಬಹುದು. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಸುರಿದು ತೊಳೆಯಿರಿ, ಉಜ್ಜಬೇಡಿ.

ಪ್ರಶ್ನೆ: ನಾಲ್ಕೂ ಚಕ್ರಗಳಲ್ಲಿ ಗುಳ್ಳೆ ನಿಂತಿದೆ. ಆದರೂ ಪೆಡಲ್ ಸರಿಯಾಗಿಲ್ಲ. ಇನ್ನೊಮ್ಮೆ ಮಾಡಬೇಕೇ?

ಉತ್ತರ: ಮೊದಲು ಪೆಡಲ್ ಏನು ಹೇಳುತ್ತಿದೆ ಎಂದು ಗಮನಿಸಿ. ಒತ್ತಿ ಹಿಡಿದಾಗ ಮೆಲ್ಲಗೆ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆಯಿದೆ. ಹೊರಗೆ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್‌ನ ಸೀಲ್ ಮೇಲೆ ಅನುಮಾನ ಪಡಬೇಕು. ಮೊದಲ ತುಳಿತಕ್ಕೆ ಕೆಳಗೆ ಹೋಗಿ, ಬೇಗ ಬೇಗ ತುಳಿದಾಗ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್ ಬ್ರೇಕಿನ ಶೂಗಳನ್ನು ಅಡ್ಜಸ್ಟ್ ಮಾಡಬೇಕಾಗಿರಬಹುದು. ಇದನ್ನು ಗಾಳಿಯೆಂದು ತಿಳಿದು ಲೀಟರ್‌ಗಟ್ಟಲೆ ಆಯಿಲ್ ಸುರಿಯುವವರಿದ್ದಾರೆ. ಮೇಲೆ ಬಂದರೂ ಸ್ಪಂಜಿನಂತೆಯೇ ಇದ್ದರೆ ಗಾಳಿ ಇನ್ನೂ ಉಳಿದಿದೆ, ಅಥವಾ ಹಳೆಯ ಹೋಸ್ ಒತ್ತಡಕ್ಕೆ ಉಬ್ಬುತ್ತಿದೆ.

ಕ್ಯಾಲಿಪರ್ ಬಿಚ್ಚಿ ಜೋಡಿಸಿದ್ದರೆ ನಿಪ್ಪಲ್ ಎಲ್ಲಿದೆ ನೋಡಿ. ಗಾಳಿ ಮೇಲೇರುವುದರಿಂದ ನಿಪ್ಪಲ್ ಮೇಲ್ಭಾಗದಲ್ಲೇ ಇರಬೇಕು. ಎಡ ಬಲ ಅದಲು ಬದಲಾಗಿ ಅದು ಕೆಳಗೆ ಬಂದಿದ್ದರೆ ಏರ್ ಎಂದೂ ಪೂರ್ತಿ ಹೋಗದು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಘಟಕದೊಳಗೆ ಗಾಳಿ ಹೊಕ್ಕಿದ್ದರೆ, ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿ ಅದರ ವಾಲ್ವ್ ಮತ್ತು ಪಂಪನ್ನು ಓಡಿಸಬೇಕಾಗುತ್ತದೆ. ಅದು ವರ್ಕ್‌ಶಾಪಿನ ಕೆಲಸ.

ಎಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಇಳಿಯುವುದು ತುಳಿತಕ್ಕೆ ಬಲ ಸೇರಿಸುವ ಬೂಸ್ಟರ್‌ನಿಂದ, ಅದಕ್ಕೆ ಗಾಬರಿ ಬೇಡ. ಅಲ್ಲಿಂದಾಚೆ ಗಟ್ಟಿಯಾಗಿ ನಿಲ್ಲಬೇಕು. ನಿಲ್ಲದಿದ್ದರೆ ಪರೀಕ್ಷೆಗೆಂದೂ ಕಾರನ್ನು ರಸ್ತೆಗಿಳಿಸಬೇಡಿ, ಎಳೆಸಿಕೊಂಡೇ ವರ್ಕ್‌ಶಾಪಿಗೆ ಒಯ್ಯಿರಿ.